ಧರ್ಮಸೇನ ಮಹಾರಾಜನ ಆಸ್ಥಾನದಲ್ಲಿ ನನ್ನ ಒಂದೇ ಒಂದು ಸ್ವರ

ಧ್ಯಾನಕ್ಕೆ ಬೇಕಾದ ಸಂಗೀತವನ್ನು ಮನೆಯಲ್ಲೇ ತಯಾರಿಸಿಕೊಳ್ಳಬಹುದು ಎಂಬ ತೀರ್ಮಾನಕ್ಕೆ ನಾನು ಬಂದದ್ದು ಪೂರ್ತಿ ವೈಜ್ಞಾನಿಕ ರೀತಿಯಲ್ಲಿ. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಹಾಸನದ ಒಂದು ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ. ರೈತರು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ತರುವ ಮಣ್ಣಿನ ಹುಳಿಯನ್ನೂ ಉಪ್ಪನ್ನೂ ದಿನವಿಡೀ ಅಳೆದು, ಸಂಜೆ ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಮೊಬೈಲಿನಲ್ಲಿ ಧ್ಯಾನದ ಸಂಗೀತ ಹಾಕಿ ಕಣ್ಣು ಮುಚ್ಚುತ್ತಿದ್ದೆ. ಉಸಿರು ನಿಧಾನವಾಗಿ, ಮನಸ್ಸು ತಿಳಿಯಾಗಿ, ಇನ್ನೇನು ಶಾಂತಿ ಬಂದೇಬಿಟ್ಟಿತು ಎನ್ನುವ ಹೊತ್ತಿಗೆ ಒಬ್ಬ ಗಂಡಸು ಕೂಗುತ್ತಿದ್ದ: "ನಿಮ್ಮ ಟಾಯ್ಲೆಟ್ ನಿಜವಾಗಿಯೂ ಸ್ವಚ್ಛವಾಗಿದೆಯೇ?"

ಜಾಹೀರಾತು! ಮೂರು ತಿಂಗಳು ಸಹಿಸಿದೆ. ಆಮೇಲೆ ಆ ಸಂಗೀತದಲ್ಲಿ ನಿಜವಾಗಿ ಏನಿದೆ ಎಂದು ವಿಶ್ಲೇಷಿಸಿದೆ. ಒಂದು ಉದ್ದನೆಯ ಸ್ವರ. ನಡುನಡುವೆ ಒಂದು ಗಂಟೆಯ ಸದ್ದು. ಅಷ್ಟೇ. ಇದಕ್ಕೆ ವಿದ್ವತ್ತೇನೂ ಬೇಕಾಗಿಲ್ಲ, ತಾಳ್ಮೆ ಬೇಕು. ತಾಳ್ಮೆ ನನ್ನಲ್ಲಿ ಧಾರಾಳವಾಗಿತ್ತು!

ಹೊಸ ವಾದ್ಯಗಳ ದನಿ ಹರಿತ, ಹಳೆಯವುಗಳದ್ದು ಮಾಗಿದ ದನಿ ಎಂದು ಎಲ್ಲೋ ಓದಿದ್ದೆ. ಹಾಗಾಗಿ ಹಳೆಯ ವಾದ್ಯಗಳನ್ನೇ ಹುಡುಕಿದೆ. ನಮ್ಮೂರು ಹೊಳೆನರಸೀಪುರದ ಒಬ್ಬ ಬಡಗಿಯ ಅಂಗಡಿಯಲ್ಲಿ ಕಾಲು ಹಾರ್ಮೋನಿಯಂ ಒಂದು ಸಿಕ್ಕಿತು. ಅಂದರೆ ಮೇಜಿನಷ್ಟು ಎತ್ತರ ಇರುವುದು. ಕೆಳಗೆ ಎರಡು ಪೆಡಲ್, ಕಾಲಲ್ಲಿ ತುಳಿದರೆ ಗಾಳಿ, ಮೇಲೆ ಕೈಯಲ್ಲಿ ನುಡಿಸುವುದು. ಬಡಗಿ ಅದರ ಮೇಲೆ ಟಿವಿ ಇಟ್ಟುಕೊಂಡಿದ್ದ. ಚನ್ನರಾಯಪಟ್ಟಣದ ಒಬ್ಬ ನಿವೃತ್ತ ಸಂಗೀತ ಶಿಕ್ಷಕಿಯ ಮನೆಯಲ್ಲಿ ಬುರುಡೆ ಸೀಳಿದ ತಂಬೂರಿ ಸಿಕ್ಕಿತು. ನಾಲ್ಕು ತಂತಿಯಲ್ಲಿ ಎರಡಿದ್ದವು. ಅರಕಲಗೂಡಿನ ಸಂತೆಯಲ್ಲಿ ಎತ್ತಿನ ಕೊರಳಿನ ಕಂಚಿನ ಗಂಟೆ. ಮೂರು ತಾಲ್ಲೂಕಿನಿಂದ ಬಂದ ಮೂರೂ ಸೇರಿದರೆ ಹೆಚ್ಚುಕಡಿಮೆ ಒಂದು ಪೂರ್ತಿ ವಾದ್ಯ ಆಗುತ್ತಿತ್ತು.

ನನ್ನ ಸ್ವಭಾವವನ್ನೂ ಇಲ್ಲಿ ಹೇಳಿಬಿಡಬೇಕು. ನಾನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುವವಳು. ಉತ್ತರ ನಿಖರವಾಗಿರುತ್ತದೆ, ಚಿಕ್ಕದಾಗಿರುತ್ತದೆ. ಇದೊಂದು ಗುಣ ಎಂದು ಇಪ್ಪತ್ತೇಳು ವರ್ಷ ನಂಬಿದ್ದೆ.

ಮಹಡಿಯ ಮೇಲಿನ ನನ್ನ ಬಾಡಿಗೆ ಮನೆಯಲ್ಲಿ ಒಂದು ಭಾನುವಾರ ಸಂಜೆ ಕಿಟಕಿಗಳನ್ನೆಲ್ಲ ಮುಚ್ಚಿ, ಮೊಬೈಲನ್ನು ರೆಕಾರ್ಡಿಂಗಿಗೆ ಇಟ್ಟು ಕೂತೆ. ಹಾರ್ಮೋನಿಯಂನ ಹೆಚ್ಚಿನ ಮನೆಗಳು, ಅಂದರೆ ಬೆರಳಲ್ಲಿ ಒತ್ತುವ ಬಿಳಿ, ಕಪ್ಪು ಪಟ್ಟಿಗಳು, ಉಬ್ಬಸದವರಂತೆ ಉಸಿರಾಡುತ್ತಿದ್ದವು. ಎರಡನೆಯ ಕಪ್ಪು ಮನೆಯೊಂದೇ ತುಂಬಿದ ದನಿಯಲ್ಲಿ ನುಡಿಯುತ್ತಿತ್ತು. ಅದನ್ನೇ ಒತ್ತಿ ಹಿಡಿದು ಪೆಡಲ್ ತುಳಿದೆ. ಆಗಾಗ ತಂಬೂರಿ ಮೀಟಿದೆ, ಎತ್ತಿನ ಗಂಟೆ ಬಾರಿಸಿದೆ. ಅರ್ಧ ಗಂಟೆ ಕಳೆಯಿತು. ಜಾಹೀರಾತೇ ಬರಲಿಲ್ಲ! ಪರಮಾನಂದವಾಯಿತು.

ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಮನೆಯ ಮಾಲೀಕರಾದ ನಂಜೇಗೌಡರು ನಿಂತಿದ್ದರು. ಚಪ್ಪಲಿಯನ್ನು ಕೆಳಗೇ ಬಿಟ್ಟು ಬಂದಿದ್ದರು. ಹಿಂದೆ ಅವರ ಹೆಂಡತಿ ಜಯಮ್ಮ, ಕೈಯಲ್ಲಿ ಸೊಪ್ಪಿನ ಕಟ್ಟು. ಗದ್ದಲ ಆಯಿತೆಂದು ಬೈಯಲು ಬಂದಿದ್ದಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು!

"ಮೇಡಮ್ಮಾರೆ, ಆರ್ಮೋನಿಯಾನಾ ಅದು?"

"ಹೌದು."

"ಕಾಲಲ್ಲಿ ತುಳ್ಯೋದಾ?"

"ಹೌದು."

"ಶ್ರುತಿ ಕಪ್ಪು ಎರಡು ಅಲ್ವಾ?"

ನನಗೆ ಆಶ್ಚರ್ಯವಾಯಿತು. ಸರಿಯಾಗಿ ಹೇಳಿದ್ದರು. "ಹೌದು" ಎಂದೆ.

"ಎಲ್ಲಿ ಕಲ್ತ್ರಿ?"

"ಎಲ್ಲೂ ಕಲಿತಿಲ್ಲ."

ಗೌಡರು ಹೆಂಡತಿಯ ಕಡೆ ತಿರುಗಿದರು. ಅವರ ಕಣ್ಣು ಒದ್ದೆಯಾಗಿತ್ತು. "ಕೇಳ್ಸ್ಕಂಡೇನೇ ಜಯಾ? ಎಲ್ಲೂ ಕಲ್ತಿಲ್ವಂತೆ! ಉಟ್ತಾನೇ ಬಂದ್ಬುಟ್ಟೈತೆ!"

ಹಾಗಲ್ಲ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಕೈಮುಗಿದು ಕೆಳಗಿಳಿದಿದ್ದರು. ಪ್ರಶ್ನೆಯೇ ಇಲ್ಲದ ಮೇಲೆ ಉತ್ತರ ಕೊಡುವುದು ಹೇಗೆ?

ಇಲ್ಲಿ ನಾನು ಮರೆತ ಒಂದು ವಿಷಯವಿತ್ತು. ನಮ್ಮ ಸೀಮೆಯಲ್ಲಿ ಹಾರ್ಮೋನಿಯಂ ಸದ್ದು ಕೇಳಿದರೆ ಯಾರಿಗೂ ಧ್ಯಾನ ನೆನಪಾಗುವುದಿಲ್ಲ. ನಾಟಕ ನೆನಪಾಗುತ್ತದೆ. ಬಣ್ಣ ಹಚ್ಚಿ, ಕಿರೀಟ ಇಟ್ಟು, ಹೊಲ ಉಳುವವರೂ ಅಂಗಡಿ ನಡೆಸುವವರೂ ಒಂದು ದಿನದ ಮಟ್ಟಿಗೆ ರಾಜರಾಗುವ ನಾಟಕ. ಅದಕ್ಕೆ ಹಾರ್ಮೋನಿಯಂ ಮೇಷ್ಟ್ರೇ ಎಲ್ಲ. ಹಾಡು ಕಲಿಸುವವರು ಅವರು, ಮಾತು ತಿದ್ದುವವರು ಅವರು, ವೇದಿಕೆಯಲ್ಲಿ ಪಾತ್ರಧಾರಿ ಮರೆತಾಗ ಎತ್ತಿಕೊಡುವವರೂ ಅವರೇ.

ಆ ಶುಕ್ರವಾರ ಸಂಜೆ ಜಯಮ್ಮ ಹಿತ್ತಾಳೆ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ, ಒಂದು ಮೊಳ ಮಲ್ಲಿಗೆ ಹೂವು ಇಟ್ಟುಕೊಂಡು ಬಂದರು. ಶುಕ್ರವಾರ, ಹೆಂಗಸು, ತಟ್ಟೆ. ಅರಿಶಿನ ಕುಂಕುಮದ ತಾಂಬೂಲ ಎಂದು ನಾನು ತೀರ್ಮಾನಿಸಿದ್ದರಲ್ಲಿ ಯಾವ ತರ್ಕದೋಷವೂ ಇರಲಿಲ್ಲ. ಜಯಮ್ಮನ ಹಿಂದೆ ಗೌಡರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ನಿಂತಿದ್ದರು. ಪಕ್ಕದಲ್ಲಿ ಹಣೆಗೆ ವಿಭೂತಿ ಬಳಿದ ಇನ್ನೊಬ್ಬ ಗಂಡಸು. ದೇವಸ್ಥಾನಕ್ಕೆ ಹೊರಟಿರಬೇಕು ಎಂದುಕೊಂಡೆ.

"ಮನಸ್ಪೂರ್ತಿಯಾಗಿ ಈಸ್ಕೊ ಮಗ" ಎಂದರು ಜಯಮ್ಮ.

ನಾನು ಎರಡೂ ಕೈಯಲ್ಲಿ ಈಸಿಕೊಂಡೆ. ಸಾಲದ್ದಕ್ಕೆ ಕಣ್ಣಿಗೊತ್ತಿಕೊಂಡೆ!

"ಒಪ್ಕಂಡಂಗಾಯ್ತಲ್ಲ?" ಎಂದರು ಗೌಡರು.

"ಹೂಂ" ಎಂದೆ.

ವಿಭೂತಿಯವರು, "ಶಿವ ಕಣ್ಬುಟ್ಟ" ಎಂದು ಉಸಿರು ಬಿಟ್ಟರು. ಯಾಕೆಂದು ಕೇಳಲಿಲ್ಲ. ಬೇರೆಯವರ ವಿಷಯದಲ್ಲಿ ಮೂಗು ತೂರಿಸುವ ಅಭ್ಯಾಸ ನನಗಿಲ್ಲ. ಆ ತೆಂಗಿನಕಾಯಿ ಒಡೆದು ಮಾರನೆಯ ದಿನ ಇಡ್ಲಿಗೆ ಚಟ್ನಿ ಮಾಡಿದೆ. ಚಟ್ನಿ ಬಹಳ ಚೆನ್ನಾಗಿತ್ತು.

ಎಂಟು ದಿನದ ಮೇಲೆ ಹೊಳೆನರಸೀಪುರದಿಂದ ಅಮ್ಮ ಫೋನ್ ಮಾಡಿದಳು.

"ಚೇತನಾ, ಚೆನ್ನಾಗಿದೀಯೇನೇ?"

"ಚೆನ್ನಾಗಿದೀನಿ. ಯಾಕೆ?"

"ಇಲ್ಲಿ ಬಸ್ ಸ್ಟ್ಯಾಂಡ್ ಎದುರಿಗೆ ನಿನ್ನ ಫೋಟೋ ಕಟ್ಟಿದಾರೆ ಕಣೇ! ಪಕ್ಕದ್ಮನೆ ಸರೋಜಕ್ಕ ಓಡ್ಬಂದು ಹೇಳಿದ್ಲು. ಬರಿಗಾಲಲ್ಲೇ ಓಡಿದೆ. ಸದ್ಯ, ಶ್ರದ್ಧಾಂಜಲಿ ಅಂತ ಇರ್ಲಿಲ್ಲ."

"ಮತ್ತೇನಿತ್ತು?"

"ಅದನ್ನ ನೀನು ಹೇಳ್ಬೇಕು. ನಾದಸರಸ್ವತಿ ವಿದುಷಿ ಕುಮಾರಿ ಚೇತನಾ, ಎಂ.ಎಸ್ಸಿ. ಅಂತಿದೆ. ಯಾವಾಗ ಆದ್ಯೇ ಇದೆಲ್ಲ?"

ಹಾಸನದ ರಸ್ತೆಗೆ ಓಡಿ ಬಂದು ನೋಡಿದೆ. ಹಾಲಿನ ಬೂತಿನ ಪಕ್ಕದಲ್ಲೂ ಇತ್ತು. ಎಂಟಡಿ ಎತ್ತರದ ಫ್ಲೆಕ್ಸು. "ಧರ್ಮಸೇನ ಮಹಾರಾಜ ಎಂಬ ಸುಂದರ ನಾಟಕ." ಸುತ್ತಲೂ ಕಿರೀಟ ಇಟ್ಟ ಗಂಡಸರ ಸಾಲು. ಮಧ್ಯದಲ್ಲಿ ಹಾರ್ಮೋನಿಯಂ ಮತ್ತು ನಿರ್ದೇಶನ ಎಂಬುದರ ಕೆಳಗೆ ನಾನು! ಫೋಟೋ ಎಲ್ಲಿಂದ ಬಂತು? ಬಾಡಿಗೆ ಕರಾರಿನ ಜೊತೆ ಗೌಡರಿಗೆ ಕೊಟ್ಟಿದ್ದ ಆಧಾರ್ ಕಾರ್ಡಿನಿಂದ! ಆಧಾರ್ ಕಾರ್ಡಿನಲ್ಲಿ ನಾನು ತಪ್ಪೊಪ್ಪಿಕೊಳ್ಳಲು ಸಿದ್ಧಳಾಗಿ ಕೂತವಳಂತೆ ಕಾಣುತ್ತೇನೆ. ಅದನ್ನು ಎಂಟಡಿಗೆ ಹಿಗ್ಗಿಸಿದ್ದರು. ವಾಟ್ಸಾಪ್‌ನಲ್ಲೂ ಫೋಟೋ ಹಾಕದ ನಾನು ನಾಲ್ಕು ತಾಲ್ಲೂಕುಗಳ ಕಂಬಗಳ ಮೇಲೆ ಗಾಳಿಗೆ ಪಟಪಟ ಎನ್ನುತ್ತಿದ್ದೆ.

ಆಗ ತಟ್ಟೆಯ ಅರ್ಥವಾಯಿತು. ಅದು ಅರಿಶಿನ ಕುಂಕುಮವಲ್ಲ. ನಾಟಕದವರು ಮೇಷ್ಟ್ರಿಗೆ ಕೊಡುವ ವೀಳ್ಯ. ವೀಳ್ಯ ಹಿಡಿದ ಮೇಲೆ ಮಾತು ಕೊಟ್ಟ ಹಾಗೆ. ನಾನು ಮಾತು ಕೊಟ್ಟದ್ದಷ್ಟೇ ಅಲ್ಲ, ಅದನ್ನು ರುಬ್ಬಿ ಇಡ್ಲಿಗೆ ಹಚ್ಚಿಕೊಂಡು ತಿಂದಿದ್ದೆ!

ಕೂಡಲೇ ಬಿಟ್ಟುಬಿಡಬೇಕೆಂದು ನಿರ್ಧರಿಸಿ ವಾಕ್ಯವನ್ನು ಸಿದ್ಧಪಡಿಸಿಕೊಂಡೆ. "ಕ್ಷಮಿಸಿ, ನನಗೆ ಹಾರ್ಮೋನಿಯಂ ನುಡಿಸಲು ಬರುವುದಿಲ್ಲ." ಮೆಟ್ಟಿಲಿಳಿಯುತ್ತಾ ಮೂರು ಸಲ ಹೇಳಿಕೊಂಡೆ.

ನಂಜೇಗೌಡರು ಅಂಗಳದಲ್ಲಿ ಮೋಟಾರ್ ಬೈಕಿನ ಕನ್ನಡಿಯ ಮುಂದೆ ಬಗ್ಗಿ ಕಿರೀಟ ಸರಿಮಾಡಿಕೊಳ್ಳುತ್ತಿದ್ದರು. ನನ್ನನ್ನು ಕಂಡು ನಾಚಿಕೊಂಡರು.

"ಅಳ್ತೆ ನೋಡ್ತಿದ್ದೆ ಕಣವ್ವ. ನಮ್ಮ ಕೊಣನೂರು ಮೇಷ್ಟ್ರು ಕಾಲು ಜಾರಿ ಬಿದ್ದು ಎಡಗೈ ಮುರ್ಕಂಡ್ರು. ಕೈಪೆಟ್ಟಿಗೆ ಆರ್ಮೋನಿಯಕ್ಕೆ ಗಾಳಿ ಒತ್ತಬೇಕಲ್ಲ, ಎಡಗೈಯೇ ಇಲ್ದೆ ಏನ್ ಮಾಡಾರು? ಬೇರೆ ಮೇಷ್ಟ್ರುಗಳೆಲ್ಲ ಬುಕ್ಕಾಗೋಗವ್ರೆ. ನಾಟ್ಕದ ಹಾಲ್ ಗೊತ್ತು ಮಾಡಾಗೈತೆ, ಪರ್ದೆ ಕಟ್ಟೋ ಸೀನ್ಸ್ನೋರಿಗೆ ಹೇಳಾಗೈತೆ. ನಾಟ್ಕ ನಿಂತೋಯ್ತಲ್ಲ ಅಂತ ನಾನು ಮೂರು ದಿಸ ಉಂಡಿರ್ನಿಲ್ಲ. ಅಷ್ಟರಲ್ಲಿ ಮಹಡಿ ಮೇಲಿಂದ ಕಪ್ಪು ಎರಡು ಕೇಳಿಸ್ತು!"

ನಾನು ಬಾಯಿ ತೆರೆದೆ. ಅವರು ಮುಂದುವರಿಸಿದರು.

"ಗೊರೂರಲ್ಲಿ ಕಾಲುವೆ ತೂಬಿನ ಕೆಲ್ಸ ನಂದು. ಯಾವ ಗಳಿಗೇಲಿ ನೀರು ಬುಡು ಅಂತಾರೋ ಗೊತ್ತಿಲ್ಲ. ಪ್ರಾಕ್ಟೀಸಿಗೆ ಓಗಕ್ಕಾಗ್ತಿರ್ನಿಲ್ಲ. ಅದ್ಕೆ ಇಪ್ಪತ್ತೆಂಟು ವರ್ಸ ದ್ವಾರಪಾಲಕನ ಪಾರ್ಟೇ ಮಾಡ್ದೆ. 'ಮಹಾಪ್ರಭು, ಯಾರೋ ಬಂದವ್ರೆ.' ಅಷ್ಟೇ ನನ್ನ ಡೈಲಾಗು. ಬಂದೋರು ಯಾರು ಅಂತ ಹೇಳಕ್ಕೂ ನಂಗೆ ಬುಡ್ತಿರ್ನಿಲ್ಲ. ಈಗ ರಿಟೈರಾದ್ಮೇಲೆ ಮಹಾರಾಜನ ಪಾರ್ಟು ಸಿಕ್ಕೈತೆ. ಮಂಡಿ ನೋವು ಬೇರೆ. ಮುಂದಿನ್ ವರ್ಸ ಸಿಂಹಾಸನದ ಮೇಲೆ ಕೂತ್ರೆ ಏಳಕ್ಕಾಯ್ತದೋ ಇಲ್ವೋ."

ಒಳಗಿನಿಂದ ಜಯಮ್ಮ ಕೂಗಿದರು: "ಈಗ್ಲೇ ಏಳಕ್ಕಾಗಕಿಲ್ಲ! ಬೆಳಿಗ್ಗೆ ಮಂಚದಿಂದ ನಾನೇ ಎಬ್ಬಿಸ್ಬೇಕು ಮಹಾರಾಜನ್ನ!"

ಗೌಡರು ನಕ್ಕು ನನ್ನತ್ತ ತಿರುಗಿದರು. "ಏನೋ ಹೇಳಕ್ಕೆ ಬಂದ್ರಲ್ಲ ಮೇಡಮ್ಮಾರೆ?"

ಕಿರೀಟ ಸ್ವಲ್ಪ ಓರೆಯಾಗಿತ್ತು. ನನ್ನ ವಾಕ್ಯ ಗಂಟಲವರೆಗೆ ಬಂತು.

"ಪ್ರಾಕ್ಟೀಸು ಎಷ್ಟು ಗಂಟೆಗೆ?" ಎಂದು ಕೇಳಿದೆ.

ನಾಟಕಕ್ಕೆ ಇನ್ನು ಹದಿಮೂರು ದಿನವಿತ್ತು. ಮೂವತ್ತೆಂಟು ಹಾಡು. ದಿನಕ್ಕೆ ಮೂರರಂತೆ ಕಲಿತರೆ ಒಂದು ಹಾಡಿನಷ್ಟು ಬಿಡುವೂ ಉಳಿಯುತ್ತದೆ! ನಾನು ನೋಟ್‌ಬುಕ್ಕಿನಲ್ಲಿ ಕೋಷ್ಟಕ ಹಾಕಿದೆ. ಹಾರ್ಮೋನಿಯಂನ ಮನೆಗಳ ಮೇಲೆ ಪ್ರಯೋಗಾಲಯದ ಚೀಟಿಗಳನ್ನು ಅಂಟಿಸಿ ಒಂದರಿಂದ ಮೂವತ್ತೊಂಬತ್ತರವರೆಗೆ ಸಂಖ್ಯೆ ಬರೆದೆ. ಮಣ್ಣಿನ ಮಾದರಿಗಳಷ್ಟು ಶಿಸ್ತಾಗಿ ಕಾಣುತ್ತಿತ್ತು. ಮೊದಲ ಹಾಡನ್ನು ಸಂಖ್ಯೆ ನೋಡಿ ನೋಡಿ ನುಡಿಸಿದೆ. ಒಂದು ಸಾಲು ಮುಗಿಯಲು ನಾಲ್ಕು ನಿಮಿಷವಾಯಿತು. ಧ್ಯಾನಕ್ಕೆ ಬಹಳ ಯೋಗ್ಯವಾಗಿತ್ತು.

ಪ್ರಾಕ್ಟೀಸು ಗೌಡರ ಆಲೂಗೆಡ್ಡೆ ಶೆಡ್ಡಿನಲ್ಲಿ, ಸಂಜೆ ಆರರಿಂದ. ವಿಭೂತಿಯವರು ಅರಕಲಗೂಡಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಶಿವಲಿಂಗಣ್ಣ ಎಂದು ಅಲ್ಲಿ ಗೊತ್ತಾಯಿತು. ಅವರದು ಸೇನಾಪತಿಯ ಪಾತ್ರ. ಎತ್ತರದ ಆಳು, ದೊಡ್ಡ ದನಿ, ಅನುಮಾನದ ಸ್ವಭಾವ. ಯುದ್ಧಕ್ಕೆ ಹೊರಡುವ ಹಾಡು ಎತ್ತಿದರು. ನಾನು ಎರಡನೆಯ ಕಪ್ಪು ಮನೆಯನ್ನು ಒತ್ತಿ ಹಿಡಿದೆ. ಅವರು ಓಡಿದರು, ಹಾರಿದರು, ಕತ್ತಿ ಬೀಸಿದರು. ನಾನು ಅಲ್ಲೇ ಇದ್ದೆ. ಎರಡನೆಯ ಚರಣಕ್ಕೆ ಅವರ ವೇಗ ತಗ್ಗಿತು. ಮೂರನೆಯದಕ್ಕೆ ಕತ್ತಿ ಕೆಳಗಿಳಿಯಿತು. ಕೊನೆಗೆ ಗೋಡೆಗೊರಗಿ ನಿಂತರು.

"ಮೇಡಂ, ಇದು ಯುದ್ಧಕ್ಕೋಗೋ ಹಾಡು. ನೀವಿಂಗೆ ನುಡಿಸಿದ್ರೆ ಶತ್ರುಗಳು ಬಂದು ನಮ್ ಪಕ್ಕದಲ್ಲೇ ಮಲೀಕತಾರೆ!"

ಗೌಡರಿಗೆ ಸಿಟ್ಟು ಬಂತು. "ಸುಮ್ನಿರ್ಲಾ ಶಿವಲಿಂಗ! ಓದಿರೋರ ಪದ್ದತಿ ಅದು. ಮೊದ್ಲು ಶ್ರುತಿ ಕೂರುಸ್ತಾರೆ. ಅಂಗೇ ಬುಡ ಗಟ್ಟಿ ಮಾಡ್ಕಂಡು ಆಮೇಲೆ ರಾಗಕ್ಕೋಗ್ತಾರೆ. ಅಲ್ವಾ ಮೇಡಮ್ಮಾರೆ?"

ಪ್ರಶ್ನೆ ಬಂದಿತ್ತು. ನಿಖರವಾದ ಉತ್ತರ ಕೊಡಲು ಇದಕ್ಕಿಂತ ಒಳ್ಳೆಯ ಅವಕಾಶವಿರಲಿಲ್ಲ. ಆದರೆ ಗೌಡರ ಕೈಯಲ್ಲಿ ಮಹಾರಾಜನ ಮಾತುಗಳ ಪುಸ್ತಕವಿತ್ತು. ಎಲ್ಲ ಸಾಲುಗಳ ಕೆಳಗೂ ಕೆಂಪು ಗೆರೆ.

"ಪ್ರಯತ್ನ ಮಾಡ್ತಿದೀನಿ" ಎಂದೆ.

"ನೋಡ್ದಾ? ಎಷ್ಟು ವಿನಯ!" ಎಂದರು ಗೌಡರು.

ಹನ್ನೆರಡನೆಯ ದಿನಕ್ಕೆ ಹನ್ನೊಂದು ಹಾಡುಗಳು ಗುರುತು ಸಿಗುವಷ್ಟು ಬಂದವು. ಉಳಿದ ಇಪ್ಪತ್ತೇಳಕ್ಕೆ ಶ್ರುತಿಯೊಂದೇ. ಆದರೆ ಮನೆಗಳು ಒತ್ತಿದಾಗ ಕಿರ್ ಕಿರ್ ಎನ್ನುತ್ತಿದ್ದವು. ನಾಟಕದ ಹಿಂದಿನ ಸಂಜೆ, ಯಂತ್ರಕ್ಕೆ ಎಣ್ಣೆ ಬಿಟ್ಟರೆ ಸರಾಗವಾಗುತ್ತದೆ ಎಂಬ ಸರಳ ತತ್ತ್ವದ ಮೇರೆಗೆ, ಎರಡನೆಯ ಕಪ್ಪು ಮನೆಯ ಬುಡಕ್ಕೆ ಎಣ್ಣೆ ಬಿಟ್ಟೆ. ಅದೇ ನನ್ನ ಆಸ್ತಿಯಾದ್ದರಿಂದ ಅದಕ್ಕೆ ಧಾರಾಳವಾಗಿಯೇ ಬಿಟ್ಟೆ. ಮನೆಯಲ್ಲಿದ್ದದ್ದು ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ.

ತಿಂಗಳು ಜನವರಿ. ಊರು ಹಾಸನ. ಬೆಳಿಗ್ಗೆ ಬಚ್ಚಲಮನೆಯಲ್ಲಿ ಅದೇ ಎಣ್ಣೆಯ ಬಾಟಲಿ ಬೆಣ್ಣೆಯಂತೆ ಗಟ್ಟಿಯಾಗಿ ಕೂತಿತ್ತು. ಅದನ್ನು ಬೆರಳಿನಲ್ಲಿ ಕೆರೆದು ತಲೆಗೆ ಹಚ್ಚಿಕೊಂಡೆ. ಹಚ್ಚಿಕೊಂಡು, ಜಡೆ ಹೆಣೆದುಕೊಂಡು, ನಾಟಕಕ್ಕೆ ಹೊರಟೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ.!

ಬೆಳಿಗ್ಗೆ ಹತ್ತಕ್ಕೆ ನಾಟಕ. ಹಾಸನದ ಸಭಾಂಗಣ ತುಂಬಿತ್ತು. ಗೊರೂರಿನ ಕ್ವಾರ್ಟರ್ಸಿನವರು, ಗೌಡರ ಶೆಟ್ಟಿಹಳ್ಳಿಯ ನೆಂಟರು, ಅರಕಲಗೂಡಿನ ಗೊಬ್ಬರದ ಗಿರಾಕಿಗಳು, ಹಣ್ಣಿನ ಚೀಲ ಹಿಡಿದ ನಮ್ಮಮ್ಮ. ಒಳಗೆ ಹೊರಗಿಗಿಂತ ಹೆಚ್ಚು ಚಳಿ. ವೇದಿಕೆಯ ಕೆಳಗೆ ಒಂದು ಬದಿಯಲ್ಲಿ ನನ್ನ ಹಾರ್ಮೋನಿಯಂ, ಅದರ ಮೂತಿಗೆ ಒಂದು ಮೈಕು.

ಪ್ರಾರ್ಥನೆಗೆ ಶ್ರುತಿ ಕೊಟ್ಟೆ. ಬಹಳ ಚೆನ್ನಾಗಿತ್ತು. ಪ್ರಾರ್ಥನೆ ಮುಗಿಯಿತು. ಬೆರಳು ತೆಗೆದೆ. ಶ್ರುತಿ ಮುಗಿಯಲಿಲ್ಲ!

ಮನೆ ಒಳಕ್ಕೆ ಹೋದದ್ದು ಮೇಲಕ್ಕೆ ಬಂದಿರಲಿಲ್ಲ. ಎಣ್ಣೆ ಹೆಪ್ಪುಗಟ್ಟಿ ಹಿಡಿದುಕೊಂಡಿತ್ತು. ಪೆಡಲ್ ನಿಲ್ಲಿಸಿದರೆ ಮೌನ, ತುಳಿದರೆ ಮತ್ತೆ ಅದೇ "ಭೋಂ". ಗಾಬರಿಯಲ್ಲಿ ಉಗುರು ಹಾಕಿ ಜೋರಾಗಿ ಎತ್ತಿದೆ. ಒಳಗೆ ಏನೋ "ಟಿಕ್" ಎಂದಿತು. ಮನೆಯನ್ನು ಮೇಲಕ್ಕೆ ತಳ್ಳುವ ಸ್ಪ್ರಿಂಗು ಮುರಿದಿತ್ತು. ಈಗ ಎಣ್ಣೆ ಕರಗಿದರೂ ಉಪಯೋಗವಿರಲಿಲ್ಲ.

ಪರದೆ ಎದ್ದಿತು. ಸಿಂಹಾಸನದ ಮೇಲೆ ನಂಜೇಗೌಡರು! ಜನ ಶಿಳ್ಳೆ ಹೊಡೆದರು. ಗೌಡರು ಯಾರ ಸಹಾಯವೂ ಇಲ್ಲದೆ ಎದ್ದು ನಿಂತು, ಮೀಸೆ ತಿರುವಿ, ಮೊದಲ ಹಾಡು ಎತ್ತಿದರು. ಅದು ಕಪ್ಪು ಎರಡರಲ್ಲಿ ಇರಲಿಲ್ಲ. ನಾನು ಕೋಷ್ಟಕ ನೋಡಿ ಹದಿನೇಳು, ಹತ್ತೊಂಬತ್ತು ಒತ್ತಿದೆ. ಅದರ ಮೇಲೆ ನನ್ನ ಪ್ರೀತಿಯ ಸ್ವರ ಲಾರಿಯ ಹಾರನ್ನಿನಂತೆ ಹರಡಿಕೊಂಡಿತು.

ಗೌಡರು ದನಿ ಏರಿಸಿದರು. ಸ್ವರವೂ ಜೊತೆಗೆ ಇತ್ತು. ಇಳಿಸಿದರು. ಆಗಲೂ ಇತ್ತು. ಹಿಂದಿನ ಸಾಲಿನಿಂದ ಯಾರೋ, "ಹಾರನ್ ಆಫ್ ಮಾಡ್ರಲಾ!" ಎಂದರು. ನಗು ಹರಡಿತು. ಗೌಡರು ನಿಂತೇಬಿಟ್ಟರು. ಮುಂದಿನ ಸಾಲು ಮರೆತುಹೋಗಿತ್ತು. ಎತ್ತಿಕೊಡಬೇಕಾದವಳು ನಾನು, ನನ್ನ ಕೋಷ್ಟಕದಲ್ಲಿ ಸಂಖ್ಯೆಗಳಿದ್ದವೇ ಹೊರತು ಪದಗಳಿರಲಿಲ್ಲ. ಅವರು ಕಿರೀಟ ಮುಟ್ಟಿಕೊಂಡರು. ಆಮೇಲೆ ಪಕ್ಕಕ್ಕೆ, ಬಾಗಿಲ ಕಡೆಗೆ ನೋಡಿದರು. ಇಪ್ಪತ್ತೆಂಟು ವರ್ಷ ನಿಂತ ಜಾಗ ಅದು. ಅಲ್ಲಿಗೇ ಹೋಗಿಬಿಡಲೇ ಎಂದು ಯೋಚಿಸುತ್ತಿದ್ದಾರೆ ಎಂದು ನನಗೆ ಸ್ಪಷ್ಟವಾಗಿ ಗೊತ್ತಾಯಿತು.

ನಾನು ಎದ್ದು ನಿಂತೆ. ಗೌಡರೊಬ್ಬರಿಗೇ ಕೇಳುವಂತೆ ಹೇಳಬೇಕೆಂದುಕೊಂಡಿದ್ದೆ. ಮೂತಿಯ ಮುಂದಿನ ಮೈಕನ್ನು ಮರೆತಿದ್ದೆ.

"ಕ್ಷಮಿಸಿ! ನನಗೆ ಹಾರ್ಮೋನಿಯಂ ನುಡಿಸೋಕೆ ಬರೋದೇ ಇಲ್ಲ!"

ಸಭಾಂಗಣದ ನಾಲ್ಕೂ ಮೂಲೆಯ ಸ್ಪೀಕರುಗಳು ಅದನ್ನು ಹೇಳಿದವು. ಹೊರಗೆ ಕಡಲೆಕಾಯಿ ಮಾರುವವನಿಗೂ ತಿಳಿಯಿತು. ಮೊದಲು ಕೇಳಿಸಿದ್ದು ಅಮ್ಮನ ದನಿ: "ನಾನು ಆವತ್ತೇ ಅಂದ್ಕೊಂಡೆ!"

ಎರಡನೆಯ ಸಾಲಿನಲ್ಲಿ ಒಬ್ಬ ವಯಸ್ಸಾದವರು ಎದ್ದರು. ಎಡಗೈಗೆ ಪ್ಲಾಸ್ಟರು, ಕೊರಳಿಗೆ ಜೋಲಿ. ಕೊಣನೂರಿನ ಮೇಷ್ಟ್ರು! ನಾಟಕ ನೋಡಲು ಬಂದಿದ್ದರು. ನನ್ನ ಹಾರ್ಮೋನಿಯಂನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಗ್ಗಿ ಪೆಡಲ್ ನೋಡಿದರು.

"ಲೋ ನಂಜ, ಇದು ಕಾಲ್ ಪೆಟ್ಟಿಗೆ ಕಣ್ಲಾ!"

"ಊಂ ಮೇಷ್ಟ್ರೇ" ಎಂದರು ಮಹಾರಾಜರು ವೇದಿಕೆಯಿಂದ.

"ಇದುಕ್ಕೆ ಎಡಗೈ ಯಾಕ್ಲಾ ಬೇಕು? ಕಾಲಲ್ಲಿ ತುಳ್ದು ಬಲಗೈಲಿ ನುಡಿಸದಪ್ಪ! ಕಾಲ್ ಪೆಟ್ಟಿಗೆ ಐತೆ ಅಂತ ಒಂದು ಮಾತು ಅಂದಿದ್ರೆ ಅವತ್ತೇ ನಾನು ಬತ್ತಿರ್ನಿಲ್ವಾ? ಈ ಹೆಣ್ಮಗೀನ ಯಾಕ್ಲಾ ಇಂಗೆ ಗೋಳುಯ್ಕೊಂಡ್ರಿ?"

ಶಿವಲಿಂಗಣ್ಣ ಕತ್ತಿಯಿಂದ ಬೆನ್ನು ಕೆರೆದುಕೊಂಡರು. ನಾಟಕದವರಿಗೆ ಬೇಕಾಗಿದ್ದದ್ದು ನನ್ನ ಪೆಟ್ಟಿಗೆ. ಪೆಟ್ಟಿಗೆಯ ಜೊತೆ ನಾನು ಅನಗತ್ಯವಾಗಿ ಸೇರಿಕೊಂಡು ಬಂದಿದ್ದೆ! ಆ ಕ್ಷಣ ನನ್ನ ಹೆಗಲಿಂದ ಇಳಿದ ಭಾರವನ್ನು ಅಳೆಯುವ ಉಪಕರಣ ನಮ್ಮ ಪ್ರಯೋಗಾಲಯದಲ್ಲಿಲ್ಲ.

ಹೊರಡಲು ಚೀಲ ಎತ್ತಿಕೊಂಡೆ. ಮೇಷ್ಟ್ರು ತಡೆದರು.

"ಎಲ್ಲಿಗೋಗ್ತೀಯವ್ವ? ಈ ಕೆಟ್ಟೋಗಿರೋ ಮನೆ ಯಾರು ಇಡ್ಕತಾರೆ?"

ನನ್ನ ಕೆಲಸ ನಿಗದಿಯಾಯಿತು. ಮೇಷ್ಟ್ರ ಪಕ್ಕದಲ್ಲಿ ಮುಕ್ಕಾಲಿ ಹಾಕಿಕೊಂಡು ಕೂತು, ಎರಡನೆಯ ಕಪ್ಪು ಮನೆಯನ್ನು ತೋರುಬೆರಳಿನಿಂದ ಮೇಲಕ್ಕೆ ಎತ್ತಿ ಹಿಡಿದಿರುವುದು. ಆ ಸ್ವರ ಬೇಕಾದಾಗ ಮೇಷ್ಟ್ರು ತಲೆಯಾಡಿಸುತ್ತಾರೆ, ಆಗ ಬಿಡಬೇಕು. ತಲೆ ನಿಂತರೆ ಮತ್ತೆ ಎತ್ತಬೇಕು. ಆ ಒಂದು ಸ್ವರವನ್ನೇ ಕೇಳುತ್ತಾ ಕೂರಲು ಹೊರಟವಳು, ಅದು ಕೇಳಿಸದ ಹಾಗೆ ಐದು ಗಂಟೆ ಕಾವಲು ಕೂತೆ.

ಮೇಷ್ಟ್ರ ಬಲಗೈ ಹಾಡಿನ ಮೇಲೆ ಹರಿಯಿತು. ನನಗೆ ಉಬ್ಬಸ ಹಿಡಿದಂತಿದ್ದ ಮನೆಗಳೆಲ್ಲ ಅವರಿಗೆ ನಗುನಗುತ್ತಾ ನುಡಿದವು. ಗೌಡರು ಮೊದಲಿನಿಂದ ಹಾಡು ಎತ್ತಿದರು. ಮರೆತಲ್ಲಿ ಮೇಷ್ಟ್ರು ಎತ್ತಿಕೊಟ್ಟರು. ಮೂರನೆಯ ಹಾಡಿಗೆ "ಒನ್ಸ್ ಮೋರ್" ಎಂದರು ಜನ. ಗೌಡರು ಹಾಡಿದರು. ಮತ್ತೆ "ಒನ್ಸ್ ಮೋರ್". ಮತ್ತೆ ಹಾಡಿದರು. ನಾಲ್ಕನೆಯ ಸಲ ಯಾರೂ ಕೇಳದಿದ್ದರೂ ಹಾಡಿದರು. ಜಯಮ್ಮ ಮುಂದಿನ ಸಾಲಿನಿಂದ, "ಸಾಕು ಬುಡಿ, ಬೇರೆಯವ್ರಿಗೂ ಪಾರ್ಟೈತೆ!" ಎಂದು ಗದರಿ, ಸೆರಗಿನಿಂದ ಕಣ್ಣೊರೆಸಿಕೊಂಡರು.

ಸತ್ಯ ಹೇಳಬೇಕೆಂದರೆ ಆ ಐದು ಗಂಟೆ ನನ್ನ ತಲೆಯಲ್ಲಿ ಬೇರೊಂದು ಯೋಚನೆ ಸುಳಿಯಲಿಲ್ಲ. ಮೇಷ್ಟ್ರ ತಲೆ, ನನ್ನ ಬೆರಳು. ಇದಕ್ಕೇ ಧ್ಯಾನ ಎನ್ನುತ್ತಾರೋ ಏನೋ. ಬೆರಳು ಮಾತ್ರ ಎರಡು ದಿನ ಮಡಚಲಾಗಲಿಲ್ಲ.

ನಾಟಕ ಮುಗಿದ ಮೇಲೆ ಗೌಡರು ಕಿರೀಟ ತೆಗೆಯದೆಯೇ ನನ್ನ ಹತ್ತಿರ ಬಂದರು. ಬೈಯುವ ಹಕ್ಕು ಅವರಿಗೆ ಪೂರ್ತಿಯಾಗಿತ್ತು. ನಾನು ತಲೆ ತಗ್ಗಿಸಿದೆ.

"ಅಲ್ಲ ಕಣವ್ವ, ಬರಕಿಲ್ಲ ಅಂತ ಮೊದ್ಲೇ ಅಂದಿದ್ರೆ ಏನಾಗ್ತಿತ್ತು?"

"ನೀವು ಕೇಳ್ಲಿಲ್ಲ" ಎಂದೆ.

ಅವರು ಯೋಚಿಸಿದರು. "ಅದೂ ಸರಿಯೇ" ಎಂದರು. "ಆದ್ರೂ ನಿಮ್ಮಿಂದ ನಾಟ್ಕ ಆಯ್ತು. ಪೆಟ್ಟಿಗೆ ನಿಮ್ದೇ ಅಲ್ವಾ?"

ಅಮ್ಮ ನನ್ನನ್ನು ಊರಿಗೆ ಹೋಗುವ ಬಸ್ಸಿಗೆ ಕರೆದುಕೊಂಡು ಹೋಗುವಾಗ ದಾರಿಯುದ್ದಕ್ಕೂ ನಗುತ್ತಿದ್ದಳು. ನನಗೂ ನಗು ಬಂತು. ಎರಡು ವಾರದಲ್ಲಿ ಮೊದಲ ಸಲ ಸರಿಯಾಗಿ ಉಸಿರಾಡಿದೆ. ಗೌಡರು ಫ್ಲೆಕ್ಸುಗಳನ್ನು ಇಳಿಸಿ ಆಲೂಗೆಡ್ಡೆ ರಾಶಿಗೆ ಹೊದಿಸಿದರಂತೆ. ಎಂಟಡಿಯ ನನ್ನ ಮುಖಕ್ಕೆ ಕೊನೆಗೂ ಒಂದು ಗೌರವದ ಕೆಲಸ.

ಹಾರ್ಮೋನಿಯಂ ಅನ್ನು ಮೇಷ್ಟ್ರಿಗೇ ಕೊಟ್ಟು ಕಳುಹಿಸಿದೆ. ಹತ್ತು ದಿನದ ಮೇಲೆ ಕೊಣನೂರಿನಿಂದ ಅವರ ಫೋನ್ ಬಂತು. ಚನ್ನರಾಯಪಟ್ಟಣದಲ್ಲಿ ಮುಂದಿನ ನಾಟಕ, ಪೆಟ್ಟಿಗೆ ತೆಗೆದುಕೊಂಡು ಹೋಗುತ್ತಿದ್ದೇವೆ ಎಂದರು. ನಾನು ಒಂದು ಜವಾಬ್ದಾರಿಯ ದನಿಯಲ್ಲಿ ಕೇಳಿದೆ: "ಆ ಮನೆ ಎತ್ತಿ ಹಿಡಿಯೋಕೆ ನಾನು ಬರಬೇಕಾ ಮೇಷ್ಟ್ರೇ?"

"ಬ್ಯಾಡ ಕಣವ್ವ, ನೀನ್ಯಾಕೆ ತೊಂದ್ರೆ ತಗತೀಯ" ಎಂದರು. "ನಿನ್ ಜಾಗಕ್ಕೆ ಒಂದು ರಬ್ಬರ್ ಬ್ಯಾಂಡ್ ಹಾಕಿವ್ನಿ. ನಿನಗಿಂತ ಚೆನ್ನಾಗಿ ಇಡ್ಕಂಡೈತೆ."